ಹಂದಿಗೆ ಕಟ್ಟಿದ ಉರುಳು, ಹುಲಿಗೆ ಕಟ್ಟಿದ ಕ್ಯಾಮೆರಾ

ಕೊಡಗು, ಹಾಸನ, ಚಿಕ್ಕಮಗಳೂರು ಕಡೆಯ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ: ಉರುಳಿಗೆ ಸಿಕ್ಕಿ ಚಿರತೆ ಸಾವು. ಕೆಲವು ಸಲ ಚಿರತೆಯ ಜಾಗದಲ್ಲಿ ಹುಲಿ ಇರುತ್ತದೆ. ಬೈಕಿನ ಕ್ಲಚ್ ತಂತಿಯನ್ನು ಕುಣಿಕೆ ಮಾಡಿ ಕಾಫಿ ತೋಟದ ಬೇಲಿಗೂಟಕ್ಕೋ ಮರದ ಬುಡಕ್ಕೋ ಕಟ್ಟಿರುತ್ತಾರೆ. ಪ್ರಾಣಿ ಎಳೆದಷ್ಟೂ ಅದು ಬಿಗಿಯುತ್ತದೆ. ಕಟ್ಟಿದವನು ಸಿಕ್ಕಿಬಿದ್ದರೆ ಅವನು ಹೇಳುವುದು ಒಂದೇ ಮಾತು: "ಸಾರ್, ನಾನು ಕಟ್ಟಿದ್ದು ಹಂದಿಗೆ." ಬಹುಪಾಲು ಸಲ ಅವನು ನಿಜವನ್ನೇ ಹೇಳುತ್ತಿರುತ್ತಾನೆ. ಆದರೆ ಕಾನೂನು ಅದಕ್ಕೆ ಕರಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಉರುಳು ಒಡ್ಡುವುದೂ ಬೇಟೆ, ಅದಕ್ಕೆ ಯತ್ನಿಸುವುದೂ ಬೇಟೆ. ಕುಣಿಕೆಗೆ ಕಣ್ಣಿಲ್ಲ ಎಂಬುದು ಕಟ್ಟುವವನಿಗೆ ಮೊದಲೇ ಗೊತ್ತಿರುತ್ತದೆ. ಆ ದಾರಿಯಲ್ಲಿ ಯಾರು ಬಂದರೂ ಅದು ಹಿಡಿಯುತ್ತದೆ. ಆದ್ದರಿಂದ ಯಾರು ಸಿಕ್ಕಿದರೂ ಹೊಣೆ ಅವನದೇ.

ಇದು ನ್ಯಾಯವಾದ ತರ್ಕ. ಇದನ್ನು ನಾನಿರುವ ಕಸುಬಿಗೂ ಅನ್ವಯಿಸಬೇಕು ಎಂಬುದು ಈ ಬರಹದ ವಾದ.

ನಾನು ವನ್ಯಜೀವಿ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಕಾಡಿನ ಮರಗಳಿಗೆ ಕ್ಯಾಮೆರಾ ಕಟ್ಟುವುದು, ತಿಂಗಳಾದ ಮೇಲೆ ಬಿಚ್ಚುವುದು, ಅದರೊಳಗಿನ ಲಕ್ಷಗಟ್ಟಲೆ ಚಿತ್ರಗಳನ್ನು ನೋಡುತ್ತ ಕೂರುವುದು ನನ್ನ ಕೆಲಸದ ದೊಡ್ಡ ಪಾಲು. ಈ ಪೆಟ್ಟಿಗೆಗೆ ಕ್ಯಾಮೆರಾ ಟ್ರ್ಯಾಪ್ ಎನ್ನುತ್ತಾರೆ. ಕಾಡಂಚಿನ ಊರುಗಳಲ್ಲಿ ಬರೀ 'ಕ್ಯಾಮ್ರ'. ಎದುರಿಗೆ ಬಿಸಿ ಮೈಯ ಏನಾದರೂ ಹಾದುಹೋದರೆ ಸುತ್ತಲಿನ ಉಷ್ಣತೆಗಿಂತ ಬೇರೆಯಾದ ಆ ಬಿಸಿಯ ಚಲನೆಯನ್ನು ಸೆನ್ಸರ್ ಗುರುತಿಸುತ್ತದೆ, ಚಿತ್ರ ತೆಗೆಯುತ್ತದೆ. ಬಿಸಿ ಮೈ ಹುಲಿಗೂ ಇದೆ, ಸೌದೆ ಹೊರೆ ಹೊತ್ತು ಬರುವ ಹೆಂಗಸಿಗೂ ಇದೆ. ಕುಣಿಕೆಯ ಹಾಗೆ ಇದೂ ಯಾರು ಬಂದರು ಎಂದು ಕೇಳುವುದಿಲ್ಲ. ಆದರೆ ಹೆಂಗಸಿನ ಚಿತ್ರ ಬಂದಾಗ ನಮ್ಮ ಕಸುಬಿನವರು ಕೊಡುವ ಉತ್ತರ ಉರುಳಿನವನದ್ದೇ: ನಾವು ಕಟ್ಟಿದ್ದು ಹುಲಿಗೆ.

ಈ ಹೋಲಿಕೆ ಕೆಲವರಿಗೆ ಅತಿಯೆನ್ನಿಸಬಹುದು. ಉರುಳು ಕೊಲ್ಲುತ್ತದೆ, ಕ್ಯಾಮೆರಾ ಕೊಲ್ಲುವುದಿಲ್ಲ. ಒಪ್ಪಿದೆ. ಆದರೆ ಎರಡೂ ಒಂದೇ ವಂಶದವು ಎಂಬುದನ್ನು ನಮ್ಮ ಶಾಸ್ತ್ರದ ಮಾತುಗಳೇ ಹೇಳುತ್ತವೆ. ಪೆಟ್ಟಿಗೆಯ ಹೆಸರಿನಲ್ಲೇ ಬೋನಿದೆ. ಒಂದು ರಾತ್ರಿ ಕ್ಯಾಮೆರಾ ಇಟ್ಟರೆ ಅದು ಒಂದು 'ಟ್ರ್ಯಾಪ್ ನೈಟ್'. ಹುಲಿಯ ಚಿತ್ರ ಸಿಕ್ಕಿದರೆ 'ಕ್ಯಾಪ್ಚರ್', ಅದೇ ಹುಲಿ ಮತ್ತೆ ಬಂದರೆ 'ರೀಕ್ಯಾಪ್ಚರ್'. ಚರಿತ್ರೆಯೂ ಹಾಗೇ ಇದೆ. ಪ್ರಾಣಿ ತಾನೇ ತಂತಿ ಎಡವಿ ತನ್ನ ಚಿತ್ರ ತಾನೇ ತೆಗೆದುಕೊಳ್ಳುವಂತೆ ಮೊದಮೊದಲು ಏರ್ಪಾಡು ಮಾಡಿದವರಲ್ಲಿ ಅಮೆರಿಕದ ಜಾರ್ಜ್ ಶೈರಾಸ್ ಒಬ್ಬ. ಅವನು ವಕೀಲ, ಅದಕ್ಕಿಂತ ಹೆಚ್ಚಾಗಿ ಬೇಟೆಗಾರ. ಬಂದೂಕಿನ ಜಾಗದಲ್ಲಿ ಕ್ಯಾಮೆರಾ ಇಟ್ಟು ಅವನು ತೆಗೆದ ರಾತ್ರಿಯ ಚಿತ್ರಗಳು 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬಂದವು. ನಮ್ಮ ದೇಶದಲ್ಲಿ ಅದೇ ತಂತಿಯ ಉಪಾಯವನ್ನು ಹುಲಿದಾರಿಗೆ ತಂದವನು ಎಫ್. ಡಬ್ಲ್ಯು. ಚಾಂಪಿಯನ್, ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ. ಸುತ್ತಲಿನ ಸಾಹೇಬರೆಲ್ಲ ಅಟ್ಟಣೆ ಕಟ್ಟಿ ಹುಲಿ ಹೊಡೆಯುತ್ತಿದ್ದ ಕಾಲದಲ್ಲಿ ಈತ ಹುಲಿಯ ಚಿತ್ರ ತೆಗೆಯಲು ಹಟ ಹಿಡಿದ. 1927ರಲ್ಲಿ ಅವನ ಪುಸ್ತಕ ಬಂತು. ಬೇಟೆಯ ಜಾಣ್ಮೆಯನ್ನೆಲ್ಲ ಉಳಿಸಿಕೊಂಡು ಸಾವನ್ನು ಮಾತ್ರ ಬಿಟ್ಟವರು ಇವರು. ದೊಡ್ಡ ಕೆಲಸವೇ.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಮುಖ್ಯ ಜಾಗವಿದೆ. ಒಂದು ಹುಲಿಯ ಪಟ್ಟೆ ಇನ್ನೊಂದರ ಹಾಗಿರುವುದಿಲ್ಲ. ಅದನ್ನು ಆಧಾರವಾಗಿಟ್ಟುಕೊಂಡು ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಸಿಕ್ಕಿದ ಚಿತ್ರಗಳಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಆಗ ಸರ್ಕಾರ ಹೆಜ್ಜೆಗುರುತು ನೋಡಿ ಹುಲಿ ಎಣಿಸುತ್ತಿತ್ತು. ಆ ಲೆಕ್ಕ ಎಷ್ಟು ಪೊಳ್ಳು ಎಂಬುದು 2004-05ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಬಯಲಾಯಿತು. ಕಾಗದದ ಮೇಲೆ ಹುಲಿಗಳಿದ್ದವು, ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಹಾಗಾಗಿ ಕ್ಯಾಮೆರಾ ಬೇಡ ಎಂದು ನಾನು ಹೇಳುತ್ತಿಲ್ಲ. ಅದಿಲ್ಲದೆ ನಾವು ಮತ್ತೆ ಕುರುಡರಾಗುತ್ತೇವೆ. ಕ್ಯಾಮೆರಾ ಇರಬೇಕು ಎಂದು ಒಪ್ಪಿಕೊಂಡವಳಾಗಿಯೇ, ಅದನ್ನು ಕಟ್ಟುವ ರೀತಿಯ ಮೇಲೆ ನನಗೆ ಜಗಳವಿದೆ.

ಕ್ಯಾಮೆರಾವನ್ನು ಸುರಕ್ಷಿತವಾಗಿ ಕಟ್ಟುವುದು ಹೇಗೆಂದು ನಮಗೆ ಚೆನ್ನಾಗಿ ಕಲಿಸುತ್ತಾರೆ. ಪ್ರಾಣಿ ನಡೆಯುವ ದಾರಿಯಿಂದ ಮೂರು ನಾಲ್ಕು ಮೀಟರ್ ದೂರದ ಮರವನ್ನೋ ಗೂಟವನ್ನೋ ನೋಡಿಕೊಳ್ಳಬೇಕು. ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರದಲ್ಲಿ, ಎಂದರೆ ಮೊಣಕಾಲ ಮಟ್ಟದಲ್ಲಿ ಕಟ್ಟಬೇಕು. ಆಗ ಹುಲಿಯ ಪಕ್ಕೆ ಚೌಕಟ್ಟಿನ ತುಂಬ ಬರುತ್ತದೆ. ಎಡಪಕ್ಕೆಯ ಪಟ್ಟೆ ಬಲಪಕ್ಕೆಯ ಹಾಗಿರುವುದಿಲ್ಲವಾದ್ದರಿಂದ ದಾರಿಯ ಎರಡೂ ಬದಿಗೆ ಒಂದೊಂದು ಬೇಕು. ಆದರೆ ನೇರ ಎದುರುಬದುರು ಬೇಡ, ಒಂದರ ಫ್ಲಾಶ್ ಇನ್ನೊಂದರ ಕಣ್ಣಿಗೆ ಹೊಡೆಯುತ್ತದೆ. ಬೆಳಗಿನ ಸೂರ್ಯನಿಗೆ ಮುಖ ಮಾಡಿ ಇಡಬಾರದು. ಎದುರಿನ ಹುಲ್ಲು ಸವರಬೇಕು, ಇಲ್ಲವಾದರೆ ಗಾಳಿಗೆ ಅಲುಗಾಡಿದ ಹುಲ್ಲಿನದೇ ಸಾವಿರ ಚಿತ್ರ ಬರುತ್ತದೆ. ಕಬ್ಬಿಣದ ಗೂಡಿನೊಳಗಿಟ್ಟು ಸರಪಳಿ ಸುತ್ತಿ ಬೀಗ ಹಾಕಬೇಕು. ಆನೆ ಕಿತ್ತು ಎಸೆಯುತ್ತದೆ, ಇರುವೆ ಒಳಗೆ ಗೂಡು ಮಾಡುತ್ತದೆ, ಕಳ್ಳರು ಒಯ್ಯುತ್ತಾರೆ. ಪ್ರತಿಯೊಂದಕ್ಕೂ ಒಂದೊಂದು ಉಪಾಯವಿದೆ.

ಇಷ್ಟೂ ಸೂಚನೆಗಳಲ್ಲಿ ಸುರಕ್ಷತೆ ಎಂದರೆ ಪೆಟ್ಟಿಗೆಯ ಸುರಕ್ಷತೆ. ಅದು ಸಾವಿರಾರು ರೂಪಾಯಿಯ ಸಾಮಾನು, ಕಾಪಾಡಿಕೊಳ್ಳಬೇಕಾದದ್ದೇ. ಆದರೆ ಅದರ ಮುಂದೆ ನಡೆಯುವ ಮನುಷ್ಯರು, ಅದನ್ನು ಕಟ್ಟುವ ಕೈ, ಅದನ್ನು ಹೊತ್ತ ಮರ, ಈ ಮೂರರ ಸುರಕ್ಷತೆಯ ಬಗ್ಗೆ ನನಗೆ ಸಿಕ್ಕಿದ ತರಬೇತಿಯಲ್ಲಿ ಒಂದು ಗಂಟೆಯೂ ಇರಲಿಲ್ಲ.

ಮೊದಲು ಮನುಷ್ಯರ ವಿಷಯ.

2022ರ ಅಖಿಲ ಭಾರತ ಹುಲಿ ಅಂದಾಜಿನಲ್ಲಿ 32,588 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ಬಂದ ಚಿತ್ರಗಳು 4,70,81,881. ಅವುಗಳಲ್ಲಿ ಹುಲಿಯವು 97,399. ಎಂದರೆ ಸಾವಿರ ಚಿತ್ರಕ್ಕೆ ಎರಡು. ಉಳಿದವುಗಳಲ್ಲಿ ಜಿಂಕೆ, ಕಾಟಿ, ಆನೆ, ಮುಳ್ಳುಹಂದಿ ಎಲ್ಲ ಇರುತ್ತವೆ, ಬರೀ ಹುಲ್ಲು ಇರುತ್ತದೆ, ದನಗಳು, ಇಲಾಖೆಯ ಜೀಪುಗಳು ಇರುತ್ತವೆ, ಮನುಷ್ಯರೂ ಇರುತ್ತಾರೆ. ಕಾಡಂಚಿನಲ್ಲಿ ಕ್ಯಾಮೆರಾ ಕಟ್ಟಿದ ಯಾರನ್ನಾದರೂ ಕೇಳಿ ನೋಡಿ, ಮನುಷ್ಯರಿಲ್ಲದ ಮೆಮೊರಿ ಕಾರ್ಡು ಅಪರೂಪ. ನೆಲ್ಲಿಕಾಯಿಗೆ, ಜೇನಿಗೆ, ಅಂಟುವಾಳಕ್ಕೆ ಹೋಗುವವರು, ತಪ್ಪಿಸಿಕೊಂಡ ಹಸು ಹುಡುಕುವವರು, ಒಬ್ಬರ ಕೈ ಒಬ್ಬರು ಹಿಡಿದು ನಡೆಯುವ ಹುಡುಗ ಹುಡುಗಿ, ಬಹಿರ್ದೆಸೆಗೆ ಮರೆ ಹುಡುಕಿಕೊಂಡು ಬಂದವರು. ಈ ಚಿತ್ರಗಳಿಗೆ ನಮ್ಮ ಶಾಸ್ತ್ರದ ಇಂಗ್ಲಿಷ್ ಬರಹಗಳಲ್ಲಿ 'ಹ್ಯೂಮನ್ ಬೈಕ್ಯಾಚ್' ಎಂಬ ಹೆಸರಿದೆ. ಮೀನುಗಾರರ ಮಾತು ಅದು: ಒಂದು ಜಾತಿಯ ಮೀನಿಗೆ ಬಲೆ ಬೀಸಿದಾಗ ಜೊತೆಗೆ ಬಂದುಬಿಡುವ ಬೇಡದ ಮೀನು. ಬೇಡದ ಮೀನನ್ನು ಏನು ಮಾಡಬೇಕು ಎಂಬುದು ಬಲೆ ಹಾಕಿದವನ ಮರ್ಜಿ.

ಆ ಮರ್ಜಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದ ಸಂಗತಿ ನೋಡಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕ ತ್ರಿಶಾಂತ್ ಸಿಮ್ಲಾಯ್ ಅಲ್ಲಿ 14 ತಿಂಗಳಿದ್ದು, 270 ಜನರನ್ನು ಮಾತನಾಡಿಸಿ, 2024ರಲ್ಲಿ ಪ್ರಬಂಧ ಪ್ರಕಟಿಸಿದರು. ಹುಲಿಗೆಂದು ಕಟ್ಟಿದ ಕ್ಯಾಮೆರಾದಲ್ಲಿ, ಬಹಿರ್ದೆಸೆಗೆ ಹೋಗಿದ್ದ ಮಹಿಳೆಯೊಬ್ಬರ ಅರೆಬೆತ್ತಲೆ ಚಿತ್ರ ಸೆರೆಯಾಯಿತು. ಆಕೆ ಆಟಿಸಂ ಇದ್ದವರು, ಹಿಂದುಳಿದ ಜಾತಿಯವರು. ತಾತ್ಕಾಲಿಕ ಅರಣ್ಯ ನೌಕರರಾಗಿ ಸೇರಿದ್ದ ಹುಡುಗರು ಆ ಚಿತ್ರವನ್ನು ಸ್ಥಳೀಯ ವಾಟ್ಸಾಪ್ ಗುಂಪುಗಳಲ್ಲಿ ಹರಿಬಿಟ್ಟರು. ಊರಿನವರು ಸಿಟ್ಟಿಗೆದ್ದು ಹತ್ತಿರದ ಕ್ಯಾಮೆರಾಗಳನ್ನು ಒಡೆದು ಸುಟ್ಟರು. ಆ ಪ್ರಬಂಧದಲ್ಲಿ ಇದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಇನ್ನೊಂದು ಮಾತು. ಅಲ್ಲಿನ ಹೆಂಗಸರು ಕಾಡಿಗೆ ಹೋಗುವಾಗ ಹಾಡುತ್ತ, ಜೋರಾಗಿ ಮಾತಾಡುತ್ತ ಹೋಗುತ್ತಿದ್ದರು. ಸದ್ದು ಕೇಳಿದರೆ ಆನೆ, ಹುಲಿ ದೂರ ಸರಿಯುತ್ತವೆ. ಕ್ಯಾಮೆರಾ ಬಂದ ಮೇಲೆ ದನಿ ತಗ್ಗಿಸಿದರು. ಯಾರೋ ನೋಡುತ್ತಾರೆ ಎಂಬ ಅಳುಕಿಗೆ ಪರಿಚಿತ ದಾರಿ ಬಿಟ್ಟು ಅಪರಿಚಿತ ಕಾಡಿನೊಳಗೆ ಹೋಗತೊಡಗಿದರು. ಹುಲಿ ಉಳಿಸಲು ಕಟ್ಟಿದ ಪೆಟ್ಟಿಗೆ ಹೆಂಗಸರನ್ನು ಹುಲಿಯ ಹತ್ತಿರಕ್ಕೆ ನೂಕಿತು. ಕ್ಯಾಮೆರಾ ಯಾರನ್ನೂ ಕೊಲ್ಲುವುದಿಲ್ಲ ಎನ್ನುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

ಅದು ಉತ್ತರಾಖಂಡ, ನಮ್ಮಲ್ಲಿ ಹಾಗಿಲ್ಲ ಎನ್ನಬಹುದು. ಹಾಗಾಗದಂತೆ ತಡೆಯಲು ನಮ್ಮಲ್ಲಿ ಏನಿದೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಮೆಮೊರಿ ಕಾರ್ಡು ಎಷ್ಟು ಕೈ ದಾಟುತ್ತದೆ? ಬಿಚ್ಚುವ ವಾಚರ್, ಶಿಬಿರದ ಲ್ಯಾಪ್‌ಟಾಪ್, ವಲಯ ಕಚೇರಿಯ ಕಂಪ್ಯೂಟರ್, ಸಂಶೋಧಕರ ಹಾರ್ಡ್‌ಡಿಸ್ಕ್, ಚಿತ್ರ ವಿಂಗಡಿಸಲು ಬರುವ ಇಂಟರ್ನ್‌ಶಿಪ್ಪಿನ ಮಕ್ಕಳು. ಹುಲಿಯ ಚಿತ್ರ ಹೊರಗೆ ಹೋದರೆ ಬೇಟೆಗಾರರಿಗೆ ಜಾಗ ಗೊತ್ತಾಗುತ್ತದೆ ಎಂದು ಎಲ್ಲರಿಗೂ ಕಟ್ಟುನಿಟ್ಟಾಗಿ ಹೇಳಿರುತ್ತಾರೆ. ಹೆಂಗಸಿನ ಚಿತ್ರದ ಬಗ್ಗೆ ಯಾರೂ ಏನೂ ಹೇಳಿರುವುದಿಲ್ಲ.

ನಾನು ಹೆಣ್ಣಾಗಿ ಕಾಡಿನಲ್ಲಿ ಕೆಲಸ ಮಾಡುವವಳು. ಬೆಳಗಿನಿಂದ ಸಂಜೆಯವರೆಗೆ ನಡೆಯುವ ದಿನಗಳಲ್ಲಿ ನನಗೂ ಮರೆ ಬೇಕಾಗುತ್ತದೆ. ಆಗ ನಾನು ಜಿಪಿಎಸ್ ತೆಗೆದು ನೋಡುತ್ತೇನೆ. ಯಾವ ಕ್ಯಾಮೆರಾ ಎಲ್ಲಿದೆ, ಯಾವ ಕಡೆಗೆ ಮುಖ ಮಾಡಿದೆ ಎಂಬುದೆಲ್ಲ ಅದರಲ್ಲಿದೆ. ಸೌದೆಗೆ ಬರುವ ಹೆಂಗಸಿನ ಕೈಯಲ್ಲಿ ಆ ನಕ್ಷೆ ಇಲ್ಲ. ನಮ್ಮಿಬ್ಬರ ನಡುವಿನ ವ್ಯತ್ಯಾಸ ಇದೊಂದೇ, ಮತ್ತು ಈ ವ್ಯತ್ಯಾಸವನ್ನು ಹುಟ್ಟಿಸಿದ್ದು ನಮ್ಮ ವಿಜ್ಞಾನ.

ಇಲ್ಲೊಂದು ವಿಚಿತ್ರವನ್ನೂ ಹೇಳಬೇಕು. ನನ್ನ ಪ್ರಬಂಧದ ಒಂದು ಅಧ್ಯಾಯಕ್ಕೆ ಹಾಡಿಯ ಜನರನ್ನು ಮಾತನಾಡಿಸಬೇಕಿತ್ತು: ಯಾವ ಪ್ರಾಣಿ ಎಲ್ಲಿ ಕಂಡಿದೆ, ಮೊದಲು ಕಾಣುತ್ತಿದ್ದದ್ದು ಈಗ ಏಕಿಲ್ಲ, ಇಂಥ ನಿರಪಾಯದ ಪ್ರಶ್ನೆಗಳು. ಅದಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕಾಯಿತು. ಕನ್ನಡದಲ್ಲಿ ಎರಡು ಪುಟದ ಒಪ್ಪಿಗೆ ಪತ್ರ ಮಾಡಿಸಿದರು. ಯಾವಾಗ ಬೇಕಾದರೂ ಮಾತು ನಿಲ್ಲಿಸಬಹುದು, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ ಎಂದೆಲ್ಲ ಅದರಲ್ಲಿತ್ತು. ಓದಲು ಬಾರದವರಿಗೆ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಬೇಕಿತ್ತು. ಒಳ್ಳೆಯ ನಿಯಮ. ಆದರೆ ಅದೇ ಹಾಡಿಯ ಹಿಂದಿನ ದಾರಿಗೆ ಕ್ಯಾಮೆರಾ ಕಟ್ಟಲು ಅರ್ಜಿ ಹಾಕಿದಾಗ ಅದೇ ಸಮಿತಿ ಮನುಷ್ಯರ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಕಾಗದಗಳಲ್ಲಿ ಅದು ಪ್ರಾಣಿಗಳ ಅಧ್ಯಯನ. ಒಬ್ಬ ಅಜ್ಜಿಯನ್ನು ಜೇನಿನ ಬಗ್ಗೆ ಕೇಳಲು ಹೆಬ್ಬೆಟ್ಟು ಬೇಕು. ಅದೇ ಅಜ್ಜಿಯ ಚಿತ್ರವನ್ನು ಹಗಲು ರಾತ್ರಿ, ಸಮಯ ದಿನಾಂಕದ ಸಮೇತ ತೆಗೆಯಲು ಏನೂ ಬೇಡ.

ಆ ಹಾಡಿಯ ಒಬ್ಬ ಅಜ್ಜಿ ನಾವು ಕ್ಯಾಮೆರಾ ಕಟ್ಟುವಾಗ ಬಂದು ನಿಂತು ನೋಡಿದರು. "ಅದು ಹುಲೀನ್ ಮಾತ್ರ ಹಿಡೀತದಾ, ನಮ್ಮನ್ನೂ ಹಿಡೀತದಾ?" ಎಂದು ಕೇಳಿದರು. ಜೊತೆಗಿದ್ದ ವಾಚರ್ ನಕ್ಕು, "ನಿನ್ನ ಯಾಕಜ್ಜಿ ಹಿಡೀತದೆ?" ಎಂದರು. ಎಲ್ಲರನ್ನೂ ಹಿಡಿಯುತ್ತದೆ ಅಜ್ಜಿ, ಎಂದು ನಾನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಮೊದ್ಲೇ ಹೇಳ್ಬೇಕಲ್ವಾ" ಎಂದರು. ನೈತಿಕ ಸಮಿತಿಗಳು ಕೇಳಬೇಕಾದ ಪ್ರಶ್ನೆ ಅಷ್ಟೇ.

ಇದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು: ಅವರು ಕಾಡಿನೊಳಗೆ ಬರುವುದೇ ತಪ್ಪು, ಬಂದವರು ಚಿತ್ರದ ಬಗ್ಗೆ ತಕರಾರು ಮಾಡುವ ಹಾಗಿಲ್ಲ. ಇದು ಕಾನೂನು ತಿಳಿಯದ ಮಾತು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನಲ್ಲೇ ಬದುಕಿಕೊಂಡು ಬಂದವರಿಗೆ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಹಕ್ಕನ್ನು ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟವನ್ನು 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಅದೇ ವರ್ಷ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಪತ್ರವೂ ಸಿಕ್ಕಿತು. ಒಂದೇ ಕಾಡು, ಎರಡೂ ಸರ್ಕಾರದ್ದೇ ಕಾಗದ. ಆ ದಾರಿಯಲ್ಲಿ ನೆಲ್ಲಿಕಾಯಿ ಬುಟ್ಟಿ ಹೊತ್ತು ನಡೆಯುವವರು ತಮ್ಮ ಹಕ್ಕಿನ ನೆಲದಲ್ಲಿ ನಡೆಯುತ್ತಿದ್ದಾರೆ. ಇನ್ನು ಹಕ್ಕುಪತ್ರ ಇಲ್ಲದವರ ಮಾತು. ಅತಿಕ್ರಮ ಪ್ರವೇಶ ಮಾಡಿದವರಿಗೂ ಬಹಿರ್ದೆಸೆಯ ಚಿತ್ರ ತೆಗೆಸಿಕೊಳ್ಳದೆ ಇರುವ ಮರ್ಯಾದೆ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟಿನಲ್ಲಿ ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಬೆಂಗಳೂರಿನವರ ಬೆರಳಚ್ಚಿಗೆ ಅನ್ವಯಿಸುವ ತೀರ್ಪು ಹಾಡಿಯವರ ಬೆನ್ನಿಗೂ ಅನ್ವಯಿಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿದೆ, ನಿಜ. ಆದರೆ ಆ ದತ್ತಾಂಶವನ್ನು ಒಬ್ಬ ವ್ಯಕ್ತಿಯ ಬಗ್ಗೆ ತೀರ್ಮಾನ ಮಾಡಲು ಬಳಸಬಾರದು ಎಂಬುದು ಆ ಷರತ್ತುಗಳಲ್ಲೊಂದು.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಇದೇ ಕ್ಯಾಮೆರಾಗಳಲ್ಲಿ ಉರುಳು ಹಾಕುವವರು, ಗಂಧ ಕಡಿಯುವವರು, ಬಂದೂಕು ಹಿಡಿದವರು ಸಿಗುತ್ತಾರೆ. ಮನುಷ್ಯರ ಚಿತ್ರ ಅಳಿಸಿದರೆ ಅವರು ತಪ್ಪಿಸಿಕೊಳ್ಳುತ್ತಾರೆ. ಕಳ್ಳಬೇಟೆಯನ್ನು ನಾನು ಹಗುರವಾಗಿ ನೋಡುವವಳಲ್ಲ. ಆದರೆ ಎಣಿಸುವ ಕ್ಯಾಮೆರಾ ಬೇರೆ, ಕಾವಲಿನ ಕ್ಯಾಮೆರಾ ಬೇರೆ. ಕಾವಲಿಗೆ ಕ್ಯಾಮೆರಾ ಬೇಕಿದ್ದರೆ ಇಲಾಖೆ ಹಾಗೆಂದು ಹೇಳಿ, ಯಾರ ಆದೇಶ, ಎಷ್ಟು ದಿನ, ಚಿತ್ರ ನೋಡುವ ಅಧಿಕಾರ ಯಾರಿಗೆ ಎಂದು ಬರೆದಿಟ್ಟು ಕಟ್ಟಲಿ. ವಿಜ್ಞಾನದ ಹೆಸರಿನಲ್ಲಿ ಅನುಮತಿ ಪಡೆದ ಪೆಟ್ಟಿಗೆಯಿಂದ ಪೊಲೀಸು ಕೆಲಸ ಮಾಡಿಸಬಾರದು. ಮಾಡಿಸಿದರೆ ನಷ್ಟ ವಿಜ್ಞಾನಕ್ಕೇ. ಸೌದೆ ತಂದದ್ದಕ್ಕೆ ಕ್ಯಾಮೆರಾದ ಚಿತ್ರ ತೋರಿಸಿ ಕೇಸು ಹಾಕುತ್ತಾರೆ ಎಂದು ಒಂದು ಊರಿಗೆ ಅನ್ನಿಸಿದರೆ ಸಾಕು, ಆ ಸೀಮೆಯಲ್ಲಿ ಕ್ಯಾಮೆರಾ ಉಳಿಯುವುದಿಲ್ಲ. ಕಳ್ಳತನ ಎಂದು ನಾವು ಕರೆಯುವುದರಲ್ಲಿ ಒಂದು ಪಾಲು ಊರಿನವರ ಪ್ರತಿಭಟನೆ. ಅದಕ್ಕೆ ನಾವು ಕಂಡುಕೊಂಡ ಪರಿಹಾರ ಇನ್ನೂ ದಪ್ಪ ಸರಪಳಿ.

ಎರಡನೆಯದು, ಕಟ್ಟುವ ಕೈ.

ಕ್ಯಾಮೆರಾ ಕಟ್ಟಿದ ಮೇಲೆ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಲು ಯಾರಾದರೂ ಹುಲಿಯ ಹಾಗೆ ನಾಲ್ಕು ಕಾಲಿನಲ್ಲಿ ಅದರ ಮುಂದೆ ಅಂಬೆಗಾಲಿಡಬೇಕು. ಆಮೇಲೆ ಜಾಗದ ಸಂಖ್ಯೆ, ದಿನಾಂಕ ಬರೆದ ಹಲಗೆ ಹಿಡಿದು ಎದುರು ಕೂರಬೇಕು. ಸಾಮಾನ್ಯವಾಗಿ ಈ ಕೆಲಸ ವಾಚರದು. ಹಾಗಾಗಿ ಹೆಚ್ಚಿನ ಮೆಮೊರಿ ಕಾರ್ಡುಗಳ ಮೊದಲ ಚಿತ್ರ ಹುಲಿಯದಲ್ಲ, ಹಾಡಿಯಿಂದ ಬಂದ ದಿನಗೂಲಿಯ ಒಬ್ಬ ಮನುಷ್ಯನದು. ಯಾವ ತಿರುವಿನಲ್ಲಿ ಹುಲಿ ಬರುತ್ತದೆ, ಯಾವ ಮರದ ಬುಡದಲ್ಲಿ ಆನೆ ಮೈ ಉಜ್ಜುತ್ತದೆ, ಎಲ್ಲಿ ಕಟ್ಟಿದರೆ ಮಳೆನೀರು ಮೇಲೆ ಬರುತ್ತದೆ ಎಂಬುದನ್ನು ಹೇಳಿದವನೂ ಅವನೇ. ಪ್ರಬಂಧ ಬರೆಯುವಾಗ ನಾವು 'ಕ್ಯಾಮೆರಾಗಳನ್ನು ಅಳವಡಿಸಲಾಯಿತು' ಎಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯ ಬರೆಯುತ್ತೇವೆ. ಆ 'ಲಾಯಿತು' ಒಳಗೆ ಅವನು ಕಾಣೆಯಾಗುತ್ತಾನೆ. ಕೊನೆಯ ಕೃತಜ್ಞತೆಯಲ್ಲಿ 'ಕ್ಷೇತ್ರ ಸಹಾಯಕರಿಗೆ' ಎಂಬ ಒಂದು ಬಹುವಚನ ಸಿಕ್ಕಿದರೆ ಅವನ ಪುಣ್ಯ.

ಈ ಕೆಲಸ ಅಪಾಯದ್ದೂ ಹೌದು. ಹುಲಿ ನಡೆಯುವುದು ಖಾತ್ರಿಯಿರುವ ದಾರಿಯಲ್ಲೇ, ದಾರಿಗೆ ಬೆನ್ನು ಮಾಡಿ, ಮೊಣಕಾಲೂರಿ ಹತ್ತು ಹದಿನೈದು ನಿಮಿಷ ಬೆಲ್ಟು ಬಿಗಿಯುತ್ತ ಕೂರಬೇಕು. 2021ರ ನವೆಂಬರಿನಲ್ಲಿ ಮಹಾರಾಷ್ಟ್ರದ ತಾಡೋಬಾದಲ್ಲಿ ಹುಲಿ ಅಂದಾಜಿನ ಹೆಜ್ಜೆಗುರುತು ಸಮೀಕ್ಷೆಗೆ ನಡೆಯುತ್ತಿದ್ದ ಅರಣ್ಯ ರಕ್ಷಕಿಯೊಬ್ಬರನ್ನು ಹೆಣ್ಣುಹುಲಿ ಕೊಂದಿತು. ಪ್ರತಿ ನಾಲ್ಕು ವರ್ಷಕ್ಕೊಮ್ಮೆ ದೆಹಲಿಯಲ್ಲಿ ಬಿಡುಗಡೆಯಾಗುವ ಸಂಖ್ಯೆಯ ಹಿಂದೆ ಇಂಥ ನಡಿಗೆಗಳಿವೆ. ಹಾಗಿರುವಾಗ ನಾನು ಕೇಳುವುದು ದೊಡ್ಡದೇನಲ್ಲ. ಕಟ್ಟಲು ಕನಿಷ್ಠ ಮೂವರು ಹೋಗಬೇಕು. ಒಬ್ಬರು ಕಟ್ಟುವಾಗ ಇಬ್ಬರು ದಾರಿಯ ಎರಡೂ ಕಡೆ ನೋಡುತ್ತಿರಬೇಕು. ಮುಂಜಾನೆ, ಮುಸ್ಸಂಜೆಗಳಲ್ಲಿ ಈ ಕೆಲಸ ಬೇಡ. ಗುತ್ತಿಗೆಯ ವಾಚರಿಗೂ ಕಾಯಂ ನೌಕರನಿಗಿರುವ ವಿಮೆ ಇರಬೇಕು. ಸಂಶೋಧನೆಗೆ ಹಣ ಕೊಡುವವರ ಬಜೆಟ್ಟಿನಲ್ಲಿ ಬೀಗ ಸರಪಳಿಗೆ ಸಾಲು ಇದೆ. ಇದಕ್ಕೂ ಒಂದು ಸಾಲು ಇರಲಿ.

ಮೂರನೆಯದು ಮರ. ಇದನ್ನು ಕೇಳಿ ನಗುವವರಿದ್ದಾರೆ. ಮರವೇನು ಮಾತಾಡುತ್ತದೆಯೇ?

ಮರದ ಜೀವ ಇರುವುದು ತೊಗಟೆಯ ಅಡಿಯ ತೆಳು ಪದರದಲ್ಲಿ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವುದು ಆ ಪದರದ ದಾರಿಯಲ್ಲಿ, ಕಾಂಡ ದಪ್ಪವಾಗುವುದೂ ಅಲ್ಲಿಂದಲೇ. ಅದರ ಸುತ್ತ ತಂತಿ ಬಿಗಿದು ಬಿಟ್ಟರೆ ಕಾಂಡ ಬೆಳೆದಂತೆಲ್ಲ ತಂತಿ ಒಳಗೆ ಇಳಿಯುತ್ತದೆ, ಎಳೆ ಮರ ಕತ್ತು ಹಿಸುಕಿದ ಹಾಗೆ ಒಣಗುತ್ತದೆ. ಉರುಳು ಚಿರತೆಯ ಸೊಂಟಕ್ಕೆ ಮಾಡುವುದನ್ನು ಮರೆತುಬಿಟ್ಟ ತಂತಿ ಮರಕ್ಕೆ ನಿಧಾನವಾಗಿ ಮಾಡುತ್ತದೆ. ಮೊಳೆ ಹೊಡೆದರೆ ಆ ಗಾಯ ನಮ್ಮ ಚರ್ಮದ ಹಾಗೆ ಮಾಯುವುದಿಲ್ಲ. ಮರ ಅದರ ಸುತ್ತ ಗೋಡೆ ಕಟ್ಟಿಕೊಂಡು ಹೊರಗೆ ಹೊಸ ಪದರ ಬೆಳೆಸುತ್ತದೆ. ಗೋಡೆ ಕಟ್ಟುವುದರೊಳಗೆ ಶಿಲೀಂಧ್ರ ನುಗ್ಗಿದರೆ ಕೊಳೆ ಶುರು. ಬೀದಿಯ ಮರಕ್ಕೆ ಜಾಹೀರಾತಿನ ಮೊಳೆ ಹೊಡೆಯುವವರನ್ನು ಬಯ್ಯುವ ನಾವು ಕಾಡಿನ ಮತ್ತಿ ಮರಕ್ಕೆ ಮೊಳೆ ಹೊಡೆದು ಸಂರಕ್ಷಣೆ ಎನ್ನಲಾಗದು. ಇದಕ್ಕೆ ಪರಿಹಾರ ಸುಲಭ, ಅಗ್ಗ. ಅಗಲವಾದ ಬೆಲ್ಟು, ತೊಗಟೆಗೂ ಪೆಟ್ಟಿಗೆಗೂ ನಡುವೆ ಒಣ ಕಟ್ಟಿಗೆಯ ಚೂರು, ಸರಪಳಿ ಇದ್ದರೆ ಅದಕ್ಕೊಂದು ಹಳೆಯ ರಬ್ಬರು ಕೊಳವೆಯ ಹೊದಿಕೆ, ಎಳೆ ಮರ, ಒಣ ಮರ ಬಿಟ್ಟು ಬಲಿತ ಮರ, ಮರ ಸಿಗದಿದ್ದರೆ ಗೂಟ. ಎಲ್ಲಕ್ಕಿಂತ ಮುಖ್ಯವಾಗಿ, ಬಿಚ್ಚುವ ದಿನ. ಅಧ್ಯಯನ ಮುಗಿದು, ಹಣ ಮುಗಿದು, ವಿದ್ಯಾರ್ಥಿ ವಿದೇಶಕ್ಕೆ ಹೋದ ಮೇಲೂ ಮರದಲ್ಲಿ ತುಕ್ಕು ಹಿಡಿಯುತ್ತಿರುವ ತಂತಿಗಳನ್ನು ನಾನು ಕಂಡಿದ್ದೇನೆ. ಕಟ್ಟಿದ್ದರ ಲೆಕ್ಕ ಎಲ್ಲ ವರದಿಯಲ್ಲೂ ಇರುತ್ತದೆ. ಬಿಚ್ಚಿದ್ದರ ಲೆಕ್ಕ ಯಾರೂ ಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಅರಣ್ಯ ಇಲಾಖೆ ಸಂಶೋಧಕರಿಗೆ ಕೊಡುವ ಅನುಮತಿ ಪತ್ರದಲ್ಲಿ ಷರತ್ತುಗಳ ಪಟ್ಟಿಯಿರುತ್ತದೆ. ಅದಕ್ಕೆ ಕೆಲವನ್ನು ಸೇರಿಸಿದರೆ ಸಾಕು, ಹೊಸ ಕಾನೂನಿನ ಅಗತ್ಯವಿಲ್ಲ. ಕ್ಯಾಮೆರಾ ಕಟ್ಟುವ ಮುಂಚೆ ಹಾಡಿ, ಪೋಡು, ಊರುಗಳಲ್ಲಿ ಸಭೆ ಕರೆದು ಕ್ಯಾಮೆರಾವನ್ನೇ ಕೈಗೆ ಕೊಟ್ಟು ತೋರಿಸಿ, ಅದು ಎಲ್ಲರನ್ನೂ ಹಿಡಿಯುತ್ತದೆ ಎಂದು ಹೇಳಬೇಕು. ಎಲ್ಲಿ ಕಟ್ಟಬಾರದು ಎಂದು ಅಲ್ಲಿನ ಹೆಂಗಸರನ್ನು ಕೇಳಬೇಕು. ಅವರು ತೋರಿಸಿದ ಜಾಗ ಬಿಡಬೇಕು. ಹುಲಿಯ ಜಾಗದ ಗುಟ್ಟು ಬಯಲಾಗುತ್ತದೆ ಎಂಬ ಅಂಜಿಕೆ ಬೇಡ. ಹುಲಿ ಎಲ್ಲಿ ನಡೆಯುತ್ತದೆ ಎಂದು ನಮಗೆ ಹೇಳಿಕೊಟ್ಟವರೇ ಅವರು. ಕ್ಯಾಮೆರಾ ಇರುವ ದಾರಿಗೆ ಮುಂಚೆಯೇ ಕಾಣುವಂತೆ ಕನ್ನಡದಲ್ಲಿ ಒಂದು ಹಲಗೆ ಇರಬೇಕು. ಓದಲು ಬಾರದವರಿಗೂ ತಿಳಿಯುವಂತೆ ಕ್ಯಾಮೆರಾದ ಚಿತ್ರ, ಕೆಳಗೆ ಕಟ್ಟಿದವರ ಹೆಸರು, ಫೋನು, ಬಿಚ್ಚುವ ದಿನಾಂಕ. ಈಗ ಪೆಟ್ಟಿಗೆಯ ಮೇಲೆ 'ಮುಟ್ಟಿದರೆ ಶಿಕ್ಷೆ' ಎಂಬ ಅರ್ಥದ ಚೀಟಿ ಅಂಟಿಸುತ್ತಾರಲ್ಲ, ಅದರ ಜಾಗದಲ್ಲಿ ಇದು.

ಚಿತ್ರಗಳ ವಿಷಯದಲ್ಲಿ ತಂತ್ರಜ್ಞಾನ ಇದ್ದೇ ಇದೆ. ಪ್ರಾಣಿ, ಮನುಷ್ಯ, ವಾಹನಗಳನ್ನು ಬೇರೆಬೇರೆ ಮಾಡಿಕೊಡುವ ಮೆಗಾಡಿಟೆಕ್ಟರ್‌ನಂಥ ತಂತ್ರಾಂಶಗಳು ಪುಕ್ಕಟೆಯಾಗಿ ಸಿಗುತ್ತವೆ. ಖಾಲಿ ಹುಲ್ಲಿನ ಚಿತ್ರಗಳನ್ನು ತೆಗೆದುಹಾಕಲು ನಾವು ಅವನ್ನು ಬಳಸುತ್ತಲೂ ಇದ್ದೇವೆ. ಅದೇ ಮೊದಲ ಸುತ್ತಿನಲ್ಲಿ ಮನುಷ್ಯರ ಚಿತ್ರಗಳನ್ನೂ, ಯಾರೂ ಕಣ್ಣು ಹಾಯಿಸುವ ಮೊದಲೇ ಅಳಿಸಬಹುದು. ಇಷ್ಟು ಜನ ಹಾದುಹೋದರು ಎಂಬ ಸಂಖ್ಯೆ ಅಧ್ಯಯನಕ್ಕೆ ಬೇಕಿದ್ದರೆ ಸಂಖ್ಯೆ ಉಳಿಯಲಿ, ಮುಖ ಬೇಡ. ಹೊರಗಿನ ಫೋನಿಗೆ ಒಂದು ಚಿತ್ರ ಹೋದರೂ ಅದಕ್ಕೆ ಅನುಮತಿ ಪಡೆದ ಸಂಶೋಧಕರು ಹೊಣೆಯಾಗಬೇಕು, ಆ ಚಿತ್ರ ಕಳಿಸಿದ ಗುತ್ತಿಗೆ ನೌಕರನೊಬ್ಬನೇ ಅಲ್ಲ. ಹಾಗೆಯೇ ಕಟ್ಟಿದವರ ಹೆಸರು, ಅವರು ಒಪ್ಪಿದರೆ, ಪ್ರಬಂಧದಲ್ಲಿ ಬರಬೇಕು. ಬಿಚ್ಚಿದ ಕ್ಯಾಮೆರಾಗಳ ಪಟ್ಟಿ ಕೊಡದವರಿಗೆ ಮುಂದಿನ ಅನುಮತಿ ಸಿಗಬಾರದು.

ಇದರಿಂದ ಕೆಲಸ ನಿಧಾನವಾಗುತ್ತದೆ, ಒಳ್ಳೆಯ ಜಾಗಗಳು ಕೈತಪ್ಪುತ್ತವೆ ಎಂದು ನನ್ನ ಓರಗೆಯವರೇ ಹೇಳುತ್ತಾರೆ. ತಪ್ಪಬಹುದು. ಒಂದೆರಡು ಕ್ಯಾಮೆರಾ ಕಡಿಮೆಯಾದರೆ ಹುಲಿಗಳ ಅಂದಾಜು ಕುಸಿದು ಬೀಳುವುದಿಲ್ಲ. ಇಡಲಾಗದ ಜಾಗಗಳ ಲೆಕ್ಕ ಹಿಡಿಯುವುದು ನಮ್ಮ ಸಂಖ್ಯಾಶಾಸ್ತ್ರಕ್ಕೆ ಗೊತ್ತು. ಉರುಳು ಹಾಕಿದ ಬಡವನಿಗೆ ನಾವು ಕೋರ್ಟಿನಲ್ಲಿ ಕೇಳುವ ಪ್ರಶ್ನೆ ಒಂದೇ: ಬೇರೆ ಯಾರಾದರೂ ಸಿಕ್ಕಿಬೀಳುತ್ತಾರೆಂದು ನಿನಗೆ ಗೊತ್ತಿರಲಿಲ್ಲವೇ? ನಮಗೆ ಅದು ಗೊತ್ತಿದೆ, ನಾಲ್ಕು ಕೋಟಿ ಚಿತ್ರಗಳ ಪುರಾವೆಯ ಸಮೇತ ಗೊತ್ತಿದೆ. ಹುಲಿಗೆ ಕಟ್ಟಿದ್ದೆವು ಎನ್ನುವುದನ್ನು ಇನ್ನಾದರೂ ಬಿಟ್ಟು, ಮುಂದಿನ ಅಂದಾಜಿಗೆ ಕ್ಯಾಮೆರಾ ಹೊತ್ತು ಹೊರಡುವ ಮೊದಲು ಹಾಡಿಗೆ ಹೋಗಿ ಹೇಳೋಣ.